ಕಣ ರಸ್ತೆಗೆ ಬಂದ ಮೇಲೆ: ನಮ್ಮ ನಾಲ್ಕು ತಾಲ್ಲೂಕಿನ ಹಬ್ಬದ ವರ್ಷ

ಬಿಡದಿ ಕಂಪನಿ ಬಸ್ಸಲ್ಲಿ ಕಿಟಕಿಗೆ ತಲೆ ಒರಗಿಸಿಕೊಂಡು ಕೇಳ್ತಿರೋರಿಗೆ, ಮೈಸೂರು ಕಡೆ ಟ್ರೈನಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಈ ಸಲದ ಮಾತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯದ್ದು. 2025ರಲ್ಲಿ ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಅಂತ ಆಯ್ತು. ಆ ಜಗಳಕ್ಕೆ ಇವತ್ತು ಕೈ ಹಾಕಲ್ಲ. ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತಿದ್ದ ಹಿರಿಯರನ್ನ ನೋಡಿ ಬೆಳೆದವನು ನಾನು, ಹೆಸರು ಬದಲಾಗೋದು ಇಲ್ಲಿ ಹೊಸದಲ್ಲ. ನಾನು ಮಾತಾಡಬೇಕು ಅಂತಿರೋದು ಇಲ್ಲಿನ ವರ್ಷದ ಬಗ್ಗೆ. ಅಂದ್ರೆ, ಇಲ್ಲಿ ವರ್ಷ ಅನ್ನೋದು ಹೇಗೆ ಶುರುವಾಗಿ ಹೇಗೆ ಮುಗೀತಿತ್ತು, ಈಗ ಹೇಗೆ ಮುಗೀತಿದೆ ಅನ್ನೋದು.

ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯೋ ಕನಕಪುರ ಕಡೆಯೋ ಬೈಕಲ್ಲಿ ಹೋಗಿದ್ರೆ ನೀವು ನೋಡೇ ಇರ್ತೀರ. ಟಾರ್ ರೋಡಿನ ಅರ್ಧಕ್ಕೆ ರಾಗಿ ತೆನೆ ಹಾಸಿರ್ತಾರೆ. ಲಾರಿ, ಕಾರು, ಬಸ್ಸು ಅದರ ಮೇಲೆ ಹತ್ತಿ ಹೋಗ್ತವೆ. ಕಾಳು ಉದುರುತ್ತೆ. ಬದಿಯಲ್ಲಿ ಒಬ್ಬ ಅಮ್ಮ ತಲೆಗೆ ಟವೆಲ್ ಸುತ್ಕೊಂಡು ಕೋಲಲ್ಲಿ ತಿರುವಿ ಹಾಕ್ತಿರ್ತಾರೆ. ಬೈಕ್ ಜಾರುತ್ತೆ, ನಾವು ಬೈಕೊಂಡು ಮುಂದೆ ಹೋಗ್ತೀವಿ. ಅಪಾಯ ನಿಜ, ಪೊಲೀಸರು ಎಚ್ಚರಿಕೆ ಕೊಡೋದೂ ಸರಿ. ಆದ್ರೆ ಹಾಗೆ ಬೈಕೊಳ್ಳೋ ಮುಂಚೆ ಒಂದು ವಿಷಯ ಗೊತ್ತಿರಲಿ: ಆ ರಸ್ತೆಗೆ ಬಂದಿರೋದು ರಾಗಿ ಒಂದೇ ಅಲ್ಲ. ಊರಿನ ಕಣವೇ ಎದ್ದು ಬಂದಿದೆ. ಕಣದ ಜೊತೆ ಬರಬೇಕಾಗಿದ್ದ ಒಂದು ಹಬ್ಬ ಮಾತ್ರ ಬಂದಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಹದಿನೈದು ವರ್ಷದಿಂದ ಈ ಸೀಮೆಯ ಹಬ್ಬ, ಜಾತ್ರೆ, ಕೊಂಡ, ಕರಗ ಸುತ್ತಿದ್ದೀನಿ. ನನಗೆ ಕಂಡಿದ್ದು ಇಷ್ಟು: ಜನ ಸೇರಬೇಕಾದ ಹಬ್ಬಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗ್ತಿವೆ. ಡಿಜೆ, ಫ್ಲೆಕ್ಸು, ಲೈಟಿಂಗು, ಡ್ರೋನು ಎಲ್ಲ ಇದೆ. ಮಳೆ ಬೇಕಾದ, ಎತ್ತು ಬೇಕಾದ, ಕಣ ಬೇಕಾದ ಆಚರಣೆಗಳು ಸದ್ದಿಲ್ಲದೆ ನಿಂತು ಹೋಗ್ತಿವೆ. "ನಮ್ಮ ಸಂಸ್ಕೃತಿ ನಾಶ ಆಗ್ತಿದೆ" ಅಂತ ಸ್ಟೇಟಸ್ ಹಾಕೋರೂ ಸರಿ ಅಲ್ಲ, "ನೋಡಿ ಎಷ್ಟು ಜೋರಾಗಿ ನಡೀತಿದೆ" ಅನ್ನೋರೂ ಸರಿ ಅಲ್ಲ. ಎರಡೂ ಒಂದೇ ಊರಲ್ಲಿ ನಡೀತಿದೆ.

ಮಳೆಯಿಂದ ಶುರು ಮಾಡೋಣ. ನಮ್ಮಜ್ಜಿಗೆ ಜೂನ್, ಜುಲೈ ಅನ್ನೋದು ಬರ್ತಾನೇ ಇರ್ಲಿಲ್ಲ. ಅವರಿಗೆ ಇದ್ದಿದ್ದು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ. ಒಟ್ಟು 27 ನಕ್ಷತ್ರ. ಸೂರ್ಯ ಒಂದೊಂದರಲ್ಲೂ 13, 14 ದಿನ ಇರ್ತಾನೆ. ಏಪ್ರಿಲ್ ನಡುವೆ ಅಶ್ವಿನಿ ಹುಟ್ಟುತ್ತೆ, ಜೂನ್ 21, 22ರ ಸುಮಾರಿಗೆ ಆರಿದ್ರೆ, ಆಗಸ್ಟ್ ಮಧ್ಯಕ್ಕೆ ಮಘೆ, ಅಕ್ಟೋಬರ್ ಕೊನೆಗೆ ಸ್ವಾತಿ. ಮಳೆ "ಹುಟ್ಟುತ್ತೆ" ಅಂತಾನೇ ಹೇಳೋದು, ಮಗು ಹುಟ್ಟಿದ ಹಾಗೆ. ಪ್ರತಿ ಮಳೆಗೂ ಒಂದು ಗಾದೆ. ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಇದನ್ನ ಜಾಣತನದ ಮಾತು ಅಂತ ವಾಟ್ಸಾಪಲ್ಲಿ ಕಳಿಸ್ತಾರೆ. ಅಸಲಿಗೆ ಇದು ರಾಗಿಯ ಟೈಮ್‌ಟೇಬಲ್. ಆರಿದ್ರೆಯ ಹೊತ್ತಿಗೆ ನೆಲ ನೆನೆದ್ರೆ ಬಿತ್ತನೆ. ಮಘೆಯ ಹೊತ್ತಿಗೆ ಪೈರು ಬೆಳೀತಿರುತ್ತೆ, ಆಗ ನೀರು ಬೇಕು. ಬರೆಯೋಕೆ ಬರದ ಜನ ಬೇಸಾಯದ ಪುಸ್ತಕವನ್ನ ಪ್ರಾಸ ಹಾಕಿ ಬಾಯಲ್ಲಿ ಇಟ್ಕೊಂಡಿದ್ರು.

ಮಳೆ ಬರದೇ ಹೋದ್ರೆ? ಆಗ ಮಳೆರಾಯ. ನಮ್ಮಪ್ಪ ಚಿಕ್ಕವರಿದ್ದಾಗ ಮಾಡಿದ್ದು, ನಾನು ನೋಡಿಲ್ಲ. ಕೆರೆ ಜೇಡಿಮಣ್ಣಲ್ಲಿ ಒಂದು ಗೊಂಬೆ ಮಾಡೋದು. ಮಣೆ ಮೇಲೆ ಕೂರಿಸೋದು. ಒಬ್ಬ ಹುಡುಗನ ತಲೆ ಮೇಲೆ ಹೊರಿಸಿ, ಮಿಕ್ಕ ಹುಡುಗರು ಹಾಡ್ಕೊಂಡು ಮನೆಮನೆಗೆ ಹೋಗೋದು. ಪ್ರತಿ ಮನೆ ಹೆಂಗಸೂ ಒಂದು ಬಿಂದಿಗೆ ನೀರು ತಂದು ಗೊಂಬೆ ಮೇಲೆ ಸುರೀಬೇಕು. ಹುಡುಗ ನೆಂದು ತೊಪ್ಪೆ. ಜೊತೆಗೆ ರಾಗಿ ಹಿಟ್ಟೋ ಅಕ್ಕಿನೋ ಕೊಡ್ತಾರೆ, ಅದನ್ನ ಕೊನೆಗೆ ಎಲ್ಲ ಸೇರಿ ಬೇಯಿಸ್ಕೊಂಡು ತಿನ್ನೋದು. "ಮಳೆ ಬರ್ತಿತ್ತಾ ಅಪ್ಪ?" ಅಂದೆ. "ಬರ್ತಿತ್ತೋ ಇಲ್ವೋ, ಊಟ ಅಂತೂ ಸಿಗ್ತಿತ್ತು" ಅಂದ್ರು. ಬರಗಾಲದ ವರ್ಷ ಊರ ಮಕ್ಕಳೆಲ್ಲ ಒಂದು ಹೊತ್ತು ಹೊಟ್ಟೆ ತುಂಬ ತಿನ್ನೋ ದಾರಿ ಅದು ಅಂತ ಆವಾಗ ನನಗೆ ಹೊಳೀತು.

ಯುರೋಪಿನಲ್ಲಿ ಸ್ಲೊವೇನಿಯಾ ಅಂತ ಒಂದು ಪುಟ್ಟ ದೇಶ ಇದೆ, ಇಟಲಿಯ ಪಕ್ಕ. ಅಲ್ಲೂ ಏಪ್ರಿಲ್ ಕೊನೆಯಲ್ಲಿ ಒಬ್ಬ ಹುಡುಗನಿಗೆ ತಲೆಯಿಂದ ಕಾಲಿನವರೆಗೂ ಬರ್ಚ್ ಮರದ ಹಸಿರು ಕೊಂಬೆ ಕಟ್ಟಿ ಮನೆಮನೆಗೆ ಮೆರವಣಿಗೆ ಮಾಡ್ತಿದ್ರು. ಹಸಿರು ಜಾರ್ಜ್ ಅಂತ ಹೆಸರು. ಆ ಸೀಮೆಯ ಕೆಲವು ಊರುಗಳಲ್ಲಿ ಅವನನ್ನ, ಇಲ್ಲಾ ಅವನ ಬದಲು ಒಂದು ಗೊಂಬೆಯನ್ನ, ನೀರಿಗೆ ಹಾಕ್ತಿದ್ರು, ಹೊಲಕ್ಕೆ ಮಳೆ ಬರಲಿ ಅಂತ. ಅವರಿಗೂ ನಮಗೂ ಯಾವ ಸಂಬಂಧನೂ ಇಲ್ಲ. ಆದ್ರೂ ಮಳೆ ಬೇಕು ಅಂದ್ರೆ ಒಬ್ಬ ಹುಡುಗನನ್ನ ನೆನೆಸಬೇಕು ಅನ್ನೋದು ಇಬ್ಬರಿಗೂ ಹೊಳೆದಿದೆ.

ಮಳೆರಾಯ ಈಗ ಯಾಕಿಲ್ಲ? ಬೋರ್‌ವೆಲ್ ಬಂತು ಅಂತ ಎಲ್ಲರೂ ಹೇಳ್ತಾರೆ. ಅದರ ಜೊತೆ ಇನ್ನೊಂದು ಕಾರಣ ಇದೆ, ಅದು ನಮ್ಮ ಜಿಲ್ಲೆಗೇ ಸೇರಿದ್ದು. ರೇಷ್ಮೆ. ಹುಳದ ಮನೆ ಇರೋರಿಗೆ ವರ್ಷ ಅನ್ನೋದು ಇಲ್ಲ. ಚಾಕಿ ತಂದ ದಿನದಿಂದ ಗೂಡು ಬಿಡಿಸೋ ದಿನದವರೆಗೆ ಸರಿಸುಮಾರು ಒಂದು ತಿಂಗಳು, ಅಷ್ಟೇ ಕ್ಯಾಲೆಂಡರ್. ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. "ಎರಡನೇ ಜ್ವರಕ್ಕೆ ಹೋಗಿದೆ", "ನಾಲ್ಕನೇ ಜ್ವರ ಎದ್ದಿದೆ" ಅಂತ ಫೋನಲ್ಲಿ ಮಾತಾಡೋದು ಕೇಳಿದ್ರೆ ಹೊರಗಿನವರಿಗೆ ಯಾರೋ ಆಸ್ಪತ್ರೇಲಿದ್ದಾರೆ ಅನ್ಸುತ್ತೆ. ಹುಳ ಹಣ್ಣಾದ ದಿನ ನೆಂಟರು, ಅಕ್ಕಪಕ್ಕದವರು ಬಂದು ಚಂದ್ರಿಕೆಗೆ ಹಾಕೋಕೆ ಕೈ ಜೋಡಿಸ್ತಾರೆ. ಆ ಮನೆಗೂ ಮಡಿಮೈಲಿಗೆ ಇದೆ. ಚಪ್ಪಲಿ ಹೊರಗೆ ಬಿಡು, ಕಾಲಿಗೆ ಸುಣ್ಣ ಮುಟ್ಟಿಸು, ಘಾಟಿನ ಒಗ್ಗರಣೆ ಹಾಕಬೇಡ, ಕಂಡವರನ್ನ ಒಳಗೆ ಬಿಡಬೇಡ. ದುಡ್ಡು ತಿಂಗಳಿಗೆ ಬರುತ್ತೆ, ರಾಮನಗರದ ಗೂಡಿನ ಮಾರುಕಟ್ಟೆ ಹತ್ತಿರದಲ್ಲೇ ಇದೆ. ಹಿಪ್ಪುನೇರಳೆಗೆ ಆರಿದ್ರೆಯ ಹಂಗಿಲ್ಲ, ಬೋರ್ ನೀರು ಸಾಕು. ಹೀಗೆ 27 ನಕ್ಷತ್ರದ ವರ್ಷ ನಾಲ್ಕು ಜ್ವರದ ತಿಂಗಳಾಯ್ತು. ಇದನ್ನ ನಷ್ಟ ಅಂತ ನಾನು ಹೇಳಲ್ಲ. ಹುಳದಿಂದಾನೇ ನಮ್ಮನೇಲಿ ಮೂರು ಜನ ಕಾಲೇಜು ಮುಖ ನೋಡಿದ್ದು.

ಸರಿ, ಯುಗಾದಿ. ಬೇವುಬೆಲ್ಲ ನಿಮಗೆಲ್ಲ ಗೊತ್ತು, ಬಿಡೋಣ. ಹೊನ್ನಾರು ಗೊತ್ತಾ? ವರ್ಷದ ಮೊದಲ ಉಳುಮೆ. ಪಂಚಾಂಗ ನೋಡಿ ಈ ಸಲ ಯಾರ ಹೆಸರಿಗೆ ಹೊನ್ನಾರು ಬಂದಿದೆ ಅಂತ ಹೇಳ್ತಿದ್ರು. ಆ ಹೆಸರಿನವನು ಸಿಂಗರಿಸಿದ ಎತ್ತು ಕಟ್ಟಿ ಮೊದಲ ಗೆರೆ ಎಳೀಬೇಕು. ಊರಲ್ಲಿ ಎಷ್ಟೇ ದೊಡ್ಡ ಜಮೀನ್ದಾರ ಇರಲಿ, ಹೊನ್ನಾರು ಬಂದಿರೋದು ತುಂಡು ಭೂಮಿಯವನ ಹೆಸರಿಗಾದ್ರೆ ಅವತ್ತು ಅವನೇ ಮುಂದೆ. ಈಗ ನಮ್ಮ ಕಡೆ ಬಹಳ ಊರಲ್ಲಿ ಉಳೋ ಜೋಡಿ ಎತ್ತೇ ಇಲ್ಲ. ಕೆಲವರು ಟ್ರಾಕ್ಟರ್‌ಗೆ ಹೂವಿನ ಹಾರ ಹಾಕಿ ಮುಗಿಸ್ತಾರೆ. ಅದೂ ಚೆನ್ನಾಗೇ ಕಾಣುತ್ತೆ. ಆದ್ರೆ ಟ್ರಾಕ್ಟರ್ ಬಾಡಿಗೆಗೆ ಬಂದಿರೋದು, ಇನ್ನೊಂದು ಊರಿಗೂ ಹೋಗಬೇಕು, ಡ್ರೈವರ್ ಗಡಿಯಾರ ನೋಡ್ತಿರ್ತಾನೆ.

ಯುಗಾದಿಯ ಮಾರನೇ ದಿನ ಮಾತ್ರ ಯಾರೂ ಗಡಿಯಾರ ನೋಡಲ್ಲ. ಹೊಸತೊಡಕು! ಈ ನಾಲ್ಕು ತಾಲ್ಲೂಕಿನ ನಿಜವಾದ ಹೊಸ ವರ್ಷ ಇದು ಅಂದ್ರೆ ತಪ್ಪಾಗಲ್ಲ. ಊರಲ್ಲಿ ಹತ್ತಿಪ್ಪತ್ತು ಮನೆಯವರು ಸೇರಿ ವರ್ಷ ಪೂರ್ತಿ ತಿಂಗಳು ತಿಂಗಳು ಚೀಟಿ ಕಟ್ತಾರೆ. ಹೊಸತೊಡಕಿನ ದಿನ ಬೆಳಗಿನ ಜಾವಕ್ಕೇ ಮರಿ ಕಡಿದು ಗುಡ್ಡೆ ಹಾಕ್ತಾರೆ. ಗುಡ್ಡೆ ಬಾಡು. ಒಬ್ಬನಿಗೆ ಒಳ್ಳೇ ತುಂಡು, ಇನ್ನೊಬ್ಬನಿಗೆ ಮೂಳೆ ಅನ್ನೋ ಹಾಗಿಲ್ಲ. ಈಲಿ, ಬೋಟಿ, ತಲೆಮಾಂಸ, ತೊಡೆ ಎಲ್ಲ ಪ್ರತಿ ಗುಡ್ಡೆಗೂ ಸಮಸಮ ಬೀಳಬೇಕು. ಪಾಲು ಹಾಕೋ ಹಿರಿಯನ ಕೈ ನೋಡಿ, ಯಾವ ತಕ್ಕಡಿಯೂ ಬೇಡ. ತಗೊಳ್ಳೋಕೆ ಬಂದವರ ಕಣ್ಣು ಮಾತ್ರ ತಕ್ಕಡಿಗಿಂತ ಹೆಚ್ಚು! ಎತ್ತಿನ ಹಂಗಿಲ್ಲ, ಮಳೆಯ ಹಂಗಿಲ್ಲ, ಒಂದು ಚೀಟಿ ಪುಸ್ತಕ ಸಾಕು. ಅದಕ್ಕೇ ಇದು ಉಳೀತು. ಅಪಾರ್ಟ್‌ಮೆಂಟ್‌ಗೆ ಹೋದ ಹುಡುಗರೂ ವಾಟ್ಸಾಪ್ ಗ್ರೂಪ್ ಮಾಡ್ಕೊಂಡು ಚೀಟಿ ಕಟ್ತಿದ್ದಾರೆ.

ಬೇಸಿಗೆ ಅಂದ್ರೆ ಊರಮ್ಮನ ಹಬ್ಬಗಳ ಕಾಲ. ಕಬ್ಬಾಳಮ್ಮ, ಕೆಂಕೇರಮ್ಮ, ಮಾರಮ್ಮ, ಪಟಲದಮ್ಮ, ಹೀಗೆ ಒಂದೊಂದು ಊರಿಗೆ ಒಬ್ಬೊಬ್ಬ ಅಮ್ಮ. ಕೊಂಡಕ್ಕೆ ಸೌದೆ ಊರೇ ಕೂಡಿಸುತ್ತೆ. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ಬರ್ತಾರೆ. ಬೆಳಗಿನ ಜಾವ ಕೆಂಡ ಹರಡಿದಾಗ ಹತ್ತಿರ ನಿಲ್ಲೋಕಾಗಲ್ಲ, ಮುಖ ಸುಡುತ್ತೆ. ಅರ್ಚಕರು ಹಾಯ್ತಾರೆ, ಹರಕೆ ಹೊತ್ತವರು ಹಾಯ್ತಾರೆ. ಕಾಲು ಜಾರಿ ಬಿದ್ದು ಸುಟ್ಟುಕೊಂಡವರೂ ಇದ್ದಾರೆ. ಹಬ್ಬದ ವಿಡಿಯೊದಲ್ಲಿ ಆ ಭಾಗ ಕತ್ತರಿಸಿರ್ತಾರೆ.

ಇಲ್ಲೇ ಪೂಜಾ ಕುಣಿತ, ಪಟ ಕುಣಿತ, ಸೋಮನ ಕುಣಿತ ಎಲ್ಲ ಬರೋದು. ಸೋಮ ಅಂದ್ರೆ ಅಮ್ಮನ ಕಾವಲುಗಾರ. ದೊಡ್ಡ ಕಣ್ಣು, ಕೋರೆಹಲ್ಲು, ಮುಖಕ್ಕಿಂತ ಎಷ್ಟೋ ದೊಡ್ಡ ಮುಖವಾಡ. ಬಣ್ಣ ನೋಡಿ ಕೆಂಪಸೋಮ, ಕರಿಸೋಮ ಅಂತ ಹೆಸರು. ಮಕ್ಕಳು ಹೆದರಿ ಅಳಬೇಕು, ಅತ್ತರೆ ಒಳ್ಳೇದು ಅಂತಾರೆ. ಆಗಲೇ ಹೇಳಿದ ಸ್ಲೊವೇನಿಯಾದಲ್ಲಿ ಕುರೆಂತ್ ಅಂತ ಇದ್ದಾನೆ, ಕುರಿ ತುಪ್ಪಳ ಹೊದ್ದು, ಸೊಂಟಕ್ಕೆ ದೊಡ್ಡ ಗಂಟೆ ಕಟ್ಕೊಂಡು ಚಳಿಗಾಲವನ್ನ ಓಡಿಸೋನು. ಮನೆಮನೆಗೆ ಹೋಗೋ ಆ ಪದ್ಧತಿಯನ್ನ 2017ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸ್ತು. ಹಿಂದೆ ಮದುವೆಯಾಗದ ಗಂಡಸರು ಮಾತ್ರ ಆ ವೇಷ ಹಾಕ್ತಿದ್ರಂತೆ, ಈಗ ಹೆಂಗಸರು ಮಕ್ಕಳು ಎಲ್ಲರೂ ಹಾಕ್ತಾರೆ. ಯಾರು ಬೇಕಾದ್ರೂ ಹಾಕಬಹುದು ಅಂತ ಆದಮೇಲೆ ಆ ಹಬ್ಬ ಇನ್ನೂ ಬೆಳೀತು.

ನಮ್ಮಲ್ಲಿ ಹಾಗೆ ಬಿಡ್ತೀವಾ? ಇಲ್ಲಿ ಸ್ವಲ್ಪ ಕಹಿ ಮಾತು ಆಡಬೇಕು. ತಮಟೆ ಇಲ್ಲದೆ ನಮ್ಮ ಯಾವ ಅಮ್ಮನೂ ಗುಡಿಯಿಂದ ಏಳಲ್ಲ. ಅರೆ, ತಮಟೆ ಏಟು ಬಿದ್ದ ಮೇಲೇ ಮೈಮೇಲೆ ಬರೋದು. ಆ ತಮಟೆ ಬಡಿಯೋರಿಗೆ ಗುಡಿ ಬಾಗಿಲ ಒಳಗೆ ಜಾಗ ಇಲ್ಲದ ಊರುಗಳು ಇವತ್ತಿಗೂ ಇವೆ. ಯಾರು ಏನು ಮಾಡಬೇಕು, ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಹುಟ್ಟಿನಿಂದಲೇ ಬರೆದಿಟ್ಟ ಹಾಗೆ. ಒಂದೂರಲ್ಲಿ ತಮಟೆಯವರ ಮಗ, ಡಿಪ್ಲೊಮಾ ಮಾಡಿರೋ ಹುಡುಗ, ನನಗೆ ಹೇಳಿದ್ದು: "ಅಣ್ಣ, ಸ್ಟೇಜ್ ಮೇಲೆ ಕರೀರಿ, ಬಾರಿಸ್ತೀನಿ. ಊರ ಹಬ್ಬಕ್ಕೆ ಕರೀಬೇಡಿ." ಕಲೆ ಬಿಟ್ಟುಹೋಯ್ತು ಅಂತ ಅಳೋಕೆ ಮುಂಚೆ, ಯಾರು ಯಾಕೆ ಬಿಟ್ರು ಅಂತ ಕೇಳಬೇಕು. ಕೆಲವು ಪದ್ಧತಿ ಹೋಗೋದೇ ಸರಿ. ಪ್ರಾಣಿಬಲಿಗೆ 1959ರಲ್ಲೇ ಕಾನೂನು ಬಂತು. ತಮಟೆ ಬಾರಿಸೋನನ್ನ ಹೊರಗೆ ನಿಲ್ಲಿಸೋದಕ್ಕೂ ಸಂವಿಧಾನ ಬಂದಾಗಿನಿಂದ ಜಾಗ ಇಲ್ಲ. ಪುಸ್ತಕದಲ್ಲಿ.

ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ. ಅವತ್ತು ರಾತ್ರಿ ಊರು ಮಲಗಲ್ಲ. ಬೇರೆ ಶಕ್ತಿದೇವತೆಗಳ ಕರಗಗಳೂ ಬೀದಿಗೆ ಬರ್ತವೆ. ಜನರ ಹಬ್ಬ ಬೆಳೀತಿದೆ ಅಂದೆನಲ್ಲ, ಅದಕ್ಕೆ ಸಾಕ್ಷಿ ಬೇಕಿದ್ರೆ ಜುಲೈನಲ್ಲಿ ಬಂದು ನಿಂತ್ಕೊಳ್ಳಿ. ಗಾಡಿ ಮಾತ್ರ ಊರಾಚೆನೇ ನಿಲ್ಲಿಸಿ ಬನ್ನಿ.

ಶ್ರಾವಣಕ್ಕೆ ರಾಮದೇವರ ಬೆಟ್ಟ ಹತ್ತಬೇಕು. 'ಶೋಲೆ' ಬೆಟ್ಟ ಅಂತ ನೀವು ರೀಲ್ಸ್ ಮಾಡೋ ಜಾಗ, 1975ರ ಸಿನಿಮಾ. ಆದ್ರೆ ಗಬ್ಬರ್‌ಗಿಂತ ಎಷ್ಟೋ ಹಿಂದೆ ಇಲ್ಲಿ ಒಂದು ಕಾಗೆ ಕಥೆ ಇದೆ. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣ ಇಲ್ಲಿ ತಂಗಿದ್ರಂತೆ. ರಾಮ ಸೀತೆಯ ತೊಡೆ ಮೇಲೆ ಮಲಗಿದ್ದಾಗ ಕಾಕಾಸುರ ಕಾಗೆ ರೂಪದಲ್ಲಿ ಬಂದು ಸೀತೆಯನ್ನ ಕುಕ್ಕಿದ. ರಾಮ ಒಂದು ಹುಲ್ಲುಕಡ್ಡಿಯನ್ನೇ ಅಸ್ತ್ರ ಮಾಡಿ ಬಿಟ್ಟ, ಕಾಗೆ ಮೂರು ಲೋಕ ಸುತ್ತಿದ್ರೂ ಅದು ಬಿಡಲಿಲ್ಲ. ಕೊನೆಗೆ ಒಂದು ಕಣ್ಣು ಕೊಟ್ಟು ಉಳಿದುಕೊಳ್ತು. ರಾಮಾಯಣದ್ದೇ ಕಥೆ ಇದು. ನಮ್ಮ ಜನ ಅದನ್ನ ಈ ಬಂಡೆಗೆ ತಂದು ಕೂರಿಸಿ, ಬಾಲ ಸೇರಿಸಿದ್ರು: ಅವತ್ತಿಂದ ಈ ಬೆಟ್ಟಕ್ಕೆ ಕಾಗೆ ಬರಲ್ಲ. ಮೇಲೆ ಹೋದವರೆಲ್ಲ ಆಕಾಶ ನೋಡಿ "ಹೌದಲ್ವಾ, ಒಂದೂ ಇಲ್ಲ" ಅಂತಾರೆ. ಕೋತಿ ಮಾತ್ರ ಬೇಕಾದಷ್ಟಿವೆ, ಚೀಲ ಜೋಪಾನ.

ಅದೇ ಬಂಡೆಯ ಸಂದಿಯಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ. ಜಟಾಯು ವಂಶದವು ಅಂತ ಜನ ಕೈ ಮುಗೀತಾರೆ. 2012ರಲ್ಲಿ ಇದನ್ನ ರಣಹದ್ದು ವನ್ಯಧಾಮ ಅಂತ ಘೋಷಿಸಿದ್ರು. ದನಕ್ಕೆ ಕೊಡ್ತಿದ್ದ ಡೈಕ್ಲೊಫೆನಾಕ್ ಅನ್ನೋ ನೋವಿನ ಔಷಧಿ ದೇಶದ ಉದ್ದಕ್ಕೂ ಹದ್ದುಗಳನ್ನ ಕೊಂದಿತ್ತು. ಔಷಧಿ ತಿಂದ ದನ ಸತ್ತು, ಅದನ್ನ ತಿಂದ ಹದ್ದಿನ ಮೂತ್ರಪಿಂಡ ಹಾಳಾಗಿ ಅದೂ ಸಾಯ್ತಿತ್ತು. 2006ರಲ್ಲಿ ಪಶುಗಳಿಗೆ ಕೊಡೋದನ್ನ ನಿಷೇಧಿಸಿದ್ರು. ಇಲ್ಲಿ ಉಳಿದಿರೋದು ಬೆರಳಲ್ಲಿ ಎಣಿಸೋಷ್ಟು. ಕಾಗೆ ಬರಲ್ಲ ಅನ್ನೋ ಕಥೆ ಹೇಳ್ತಾ ಹೇಳ್ತಾ ಹದ್ದು ಹೋಗಿದ್ದನ್ನ ನಾವು ಗಮನಿಸಲೇ ಇಲ್ಲ. ಬೆಟ್ಟಕ್ಕೆ ಹೋಗೋ ಗೆಳೆಯರಿಗೆ ನಾನು ಈಗ ಎರಡೂ ಕಥೆ ಹೇಳ್ತೀನಿ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಎಡೆ ಇಡ್ತೀವಿ. ತಾತನಿಗೆ ಮಟನ್ ಸಾರು, ಮುದ್ದೆ, ಒಂದು ಕಟ್ಟು ಬೀಡಿ, ಕೆಲವರ ಮನೇಲಿ ಒಂದು ಕ್ವಾರ್ಟರ್. ಬದುಕಿದ್ದಾಗ ಕುಡೀಬೇಡ ಅಂತ ಜಗಳ ಆಡ್ತಿದ್ದ ಅಜ್ಜಿಯೇ ಎದುರಿಗೆ ಇಟ್ಟು ಕೈ ಮುಗೀತಾರೆ. ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಈಗ ಕಣ. ಮೊದಲು ಹೇಳಿದ್ದೆನಲ್ಲ.

ರಾಗಿ ಕೊಯ್ದು, ಮೆದೆ ಹಾಕಿ, ಚಳಿ ಬಿದ್ದ ಮೇಲೆ ಕಣ ಮಾಡ್ತಿದ್ರು. ನೆಲ ಕೆತ್ತಿ, ನೀರು ಹಾಕಿ ತುಳಿಸಿ, ಸಗಣಿ ಸಾರಿಸಿ ಕನ್ನಡಿ ಮಾಡೋದು. ನಡುವೆ ಮೇಟಿ ಕಂಬ. ಎತ್ತು ಕಟ್ಟಿ ಗುಂಡು ಸುತ್ತಿಸೋದು. ರಾತ್ರಿ ಕಣದಲ್ಲೇ ಮಲಗೋದು, ಕಾವಲಿಗೆ. ಚಳಿಗೆ ಬೆಂಕಿ, ಬೆಂಕಿ ಸುತ್ತ ಕಥೆ. ಕೆಂಪೇಗೌಡರ ಕಥೆ, ಸಾವನದುರ್ಗದ ನಿಧಿಯ ಕಥೆ, ದೆವ್ವದ ಕಥೆ, ಎಲ್ಲ ನಮ್ಮಪ್ಪ ಕೇಳಿದ್ದು ಕಣದಲ್ಲಿ. ಆ ನಿಧಿ ಕಥೆಗೆ ಕಾಲು ಬಂದು ಈಗ ರಾತ್ರಿ ಹಾರೆ ಹಿಡ್ಕೊಂಡು ಹಳೇ ಗುಡಿ ಅಗೆಯೋರು ಇದ್ದಾರೆ, ಪೇಪರ್‌ನಲ್ಲಿ ಓದ್ತೀರಲ್ಲ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ತಲೆ ಇರೋ ಆ ದುರ್ಗವನ್ನ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿದುಕೊಂಡಿತು. ಅದಕ್ಕೂ ಮುಂಚೆ, 1728ರಲ್ಲೇ, ಮಾಗಡಿಯ ಕೊನೆಯ ಕೆಂಪೇಗೌಡನನ್ನ ಸೋಲಿಸಿ ಮೈಸೂರಿನವರು ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋಗಿದ್ರು. ಎರಡೆರಡು ಸೈನ್ಯ ಜಾಲಾಡಿದ ಸೀಮೆಯಲ್ಲಿ ನಿಮಗೋಸ್ಕರ ಚಿನ್ನ ಬಿಟ್ಟಿರ್ತಾರಾ? ಯೋಚನೆ ಮಾಡಿ.

ಒಕ್ಕಣೆ ಮುಗಿದು ಕಾಳು ತೂರಿ ರಾಶಿ ಮಾಡಿದ ಮೇಲೆ ರಾಶಿ ಪೂಜೆ. ಸಗಣಿ ಬೆನವನಿಗೆ ಗರಿಕೆ ಸಿಕ್ಕಿಸಿ ಇಡೋದು. ರಾಶಿ ಹತ್ತಿರ ಜೋರಾಗಿ ಮಾತಾಡೋ ಹಾಗಿಲ್ಲ. ಚಪ್ಪಲಿ ಹಾಕೋ ಹಾಗಿಲ್ಲ. "ಮುಗೀತು", "ಇಲ್ಲ" ಅನ್ನೋ ಮಾತು ಆಡೋ ಹಾಗಿಲ್ಲ, "ಹುಲುಸಾಗಲಿ" ಅನ್ನಬೇಕು. ಕೊಳಗದಲ್ಲಿ ಅಳೆಯುವಾಗ ಒಂದು ಅಂತ ಎಣಿಸಲ್ಲ. ಲಾಭ, ಎರಡು, ಮೂರು ಅಂತ ಎಣಿಸೋದು. ಮೊದಲ ಕೊಳಗವೇ ಲಾಭ. ಆಮೇಲೆ ದೇವರ ಪಾಲು, ಕಮ್ಮಾರ, ಬಡಗಿ, ಅಗಸ, ಕೆಲಸದವರು, ಬಂದ ದಾಸಯ್ಯ, ಎಲ್ಲರಿಗೂ ಅಲ್ಲೇ ಪಾಲು. ಅಂ​ಥ ಪಾಲಲ್ಲೂ ಮೇಲು ಕೀಳು ಇತ್ತು, ಬೆವರಿಗೆ ತಕ್ಕ ಬೆಲೆ ಎಲ್ಲರಿಗೂ ಸಿಗ್ತಿತ್ತು ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಕಾಳು ಮನೆಗೆ ಹೋಗೋ ಮುಂಚೆ ಊರಿನ ಪಾಲು ಹೊರಗೆ ಹೋಗಬೇಕು ಅನ್ನೋ ಲೆಕ್ಕ ಅಂತೂ ಇತ್ತು.

ರಸ್ತೆಯಲ್ಲಿ ಲಾಭ ಅಂತ ಎಣಿಸೋರು ಯಾರು? ಲಾರಿ ಹಾರ್ನ್ ಹೊಡೀತಿರುತ್ತೆ. ಮಿಷಿನ್ ಬಂದ್ರಂತೂ ಗಂಟೆ ಲೆಕ್ಕ, ಕಾಳು ನೇರ ಚೀಲಕ್ಕೆ. ಪೂಜೆ ಮಾಡೋಕೆ ರಾಶಿಯೇ ಇರಲ್ಲ. ಕರಗಕ್ಕೆ ಚಂದಾ ಎತ್ತಬಹುದು. ರಾಶಿ ಪೂಜೆಗೆ ಯಾರು ಚಂದಾ ಎತ್ತುತ್ತಾರೆ, ಹೇಳಿ.

ಆ ಕೊಳಗ, ಆ ಮೇಟಿ, ವಾಡೆ, ಗುಡಾಣ ಎಲ್ಲ ನೋಡಬೇಕಿದ್ರೆ ಮೈಸೂರು ರಸ್ತೆಯ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು, ಐಎಎಸ್ ಅಧಿಕಾರಿಯಾಗಿದ್ದವರು, 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಈ ಲೋಕ ಮಾಡಿದ್ರು. ನಾಲ್ಕೂ ತಾಲ್ಲೂಕಿನ ಶಾಲೆ ಮಕ್ಕಳು ಒಂದಲ್ಲ ಒಂದು ಸಲ ಟೂರ್ ಹೋಗಿರ್ತೀರ, ಹೊರಗಡೆ ಐಸ್‌ಕ್ರೀಂ ತಿಂದಿದ್ದು ಮಾತ್ರ ನೆನಪಿರುತ್ತೆ. ಇನ್ನೊಂದು ಸಲ ಹೋಗಿ. ಈ ಸಲ ಮನೆಯ ಹಿರಿಯರೊಬ್ಬರನ್ನ ಕರ್ಕೊಂಡು ಹೋಗಿ. ನಾನು ನಮ್ಮಪ್ಪನ ಜೊತೆ ಹೋದಾಗ, ಬೋರ್ಡಲ್ಲಿ ಎರಡು ಪದ ಇದ್ದ ಒಂದು ಸಾಮಾನಿನ ಮುಂದೆ ಅವರು ಅರ್ಧ ಗಂಟೆ ಮಾತಾಡಿದ್ರು. ಪಕ್ಕದಲ್ಲಿದ್ದ ಬೇರೆಯವರೂ ನಿಂತು ಕೇಳಿದ್ರು.

ಸಂಕ್ರಾಂತಿ ಬಂತು ಅಂದ್ರೆ ಮಾಗಡಿ ಅವರೆಕಾಯಿ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಬೆಳೆದ ಸೊಗಡವರೆ, ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ಮುಂದೆ ಹೇಳಲ್ಲ, ನನಗೇ ಹಸಿವಾಗುತ್ತೆ. ಸಂಜೆ ದನಗಳಿಗೆ ಕೊಂಬು ಸವರಿ ಬಣ್ಣ ಹಚ್ಚಿ, ಬಲೂನ್ ಕಟ್ಟಿ, ದಾರಿಗೆ ಅಡ್ಡ ಹುಲ್ಲು ಹಾಕಿ ಬೆಂಕಿ ಇಟ್ಟು ಕಿಚ್ಚು ಹಾಯಿಸ್ತಾರೆ. ಇದು ಬದುಕಿದೆ, ಸೀಮೆಹಸುಗಳನ್ನ ಹಾಯಿಸೋದು ಮಾತ್ರ ಕಷ್ಟ. ಎಪ್ಪತ್ತು ಸಾವಿರ ಕೊಟ್ಟು ತಂದ ಹಸು ಬೆಂಕಿ ನೋಡಿ ಬೆದರಿ ಬಿದ್ರೆ? ಹಾಗಾಗಿ ನಮ್ಮೂರಲ್ಲಿ ಕೆಲವರು ಬೆಂಕಿ ಪಕ್ಕದಲ್ಲಿ ಹಸುವನ್ನ ನಿಧಾನಕ್ಕೆ ನಡೆಸಿಕೊಂಡು ಹೋಗ್ತಾರೆ. ದೇವರು ಒಪ್ಪಿಕೊಂಡಿರಬೇಕು, ಹಾಲಂತೂ ಕಮ್ಮಿ ಆಗಿಲ್ಲ.

ಅದೇ ಹೊತ್ತಿಗೆ ಕೆಂಗಲ್ ದನದ ಜಾತ್ರೆ. ಚನ್ನಪಟ್ಟಣದ ಹತ್ತಿರ, ಹೆದ್ದಾರಿ ಪಕ್ಕದಲ್ಲೇ, ಕೆಂಪು ಕಲ್ಲಿನ ಆಂಜನೇಯ. ಹಳ್ಳಿಕಾರ್ ಜೋಡಿಗಳನ್ನ ಪೆಂಡಾಲ್ ಹಾಕಿ, ಬ್ಯಾಂಡ್ ಹೊಡೆಸಿ ಕರ್ಕೊಂಡು ಬರ್ತಾರೆ. ವ್ಯಾಪಾರ ನೋಡೋಕೆ ಹೋಗಿ. ಹಲ್ಲು ನೋಡೋದು, ಸುಳಿ ನೋಡೋದು. ಆಮೇಲೆ ಇಬ್ಬರೂ ಟವೆಲ್ ಕೆಳಗೆ ಕೈ ಹಿಡ್ಕೊಂಡು ಬೆರಳಲ್ಲಿ ಬೆಲೆ ಮಾತಾಡೋದು. ಸುತ್ತ ನಿಂತ ನೂರು ಜನಕ್ಕೂ ಎಷ್ಟು ಅಂತ ಗೊತ್ತಾಗಲ್ಲ. ಈ ಎತ್ತುಗಳಲ್ಲಿ ಉಳೋಕೆ ಹೋಗೋವು ಕಮ್ಮಿ, ಶೋಕಿಗೆ, ರೇಸಿಗೆ ಸಾಕೋರು ಹೆಚ್ಚು. ಇಷ್ಟಾದ್ರೂ ಹಳ್ಳಿಕಾರ್ ತಳಿ ಉಳಿದಿದೆಯಲ್ಲ, ಆ ಶೋಕಿದಾರರಿಗೆ ನಾನಂತೂ ಬೈಯಲ್ಲ.

ವರ್ಷದ ಕೊನೆ ನನ್ನ ಲೆಕ್ಕದಲ್ಲಿ ಶಿವರಾತ್ರಿ. ಕನಕಪುರ, ರಾಮನಗರ, ಬೆಂಗಳೂರಿನ ಕಡೆಯಿಂದ ಸಾವಿರಾರು ಜನ ಮಲೆ ಮಹದೇಶ್ವರ ಬೆಟ್ಟಕ್ಕೆ ನಡ್ಕೊಂಡು ಹೋಗ್ತಾರೆ. ಹುಲಿ ಏರಿ ಏಳುಮಲೆ ಆಳಿದ ಮಾದಪ್ಪ. ಕನಕಪುರ ದಾಟಿ, ಅರ್ಕಾವತಿ ಕಾವೇರಿ ಸೇರೋ ಸಂಗಮಕ್ಕೆ ಬಂದು, ಅಲ್ಲಿ ಹೊಳೆಯನ್ನ ನಡೆದೇ ದಾಟ್ತಾರೆ. ಬೇಸಿಗೆ ಶುರುವಾಗ್ತಿರೋದ್ರಿಂದ ನೀರು ಇಳಿದಿರುತ್ತೆ. ಮುದುಕರು, ಮಕ್ಕಳು, ತಲೆ ಮೇಲೆ ಗಂಟು, ಒಬ್ಬರ ಕೈ ಒಬ್ಬರು ಹಿಡ್ಕೊಂಡು. ಆಚೆ ದಡದಿಂದ ಕಾಡು. ಆನೆ ಇರೋ ಕಾಡು. ಯುಗಾದಿಯ ಹೊನ್ನಾರು ಗೊತ್ತಿಲ್ಲದ ಹುಡುಗರು ಇಲ್ಲಿ ಗುಂಪುಗುಂಪಾಗಿ ಸಿಗ್ತಾರೆ, ಒಬ್ಬನ ಹತ್ತಿರ ಸ್ಪೀಕರು, ಇನ್ನೊಬ್ಬನ ಹತ್ತಿರ ಪವರ್‌ಬ್ಯಾಂಕು. ಕಾಲು ಬೊಬ್ಬೆ ಎದ್ದಿದ್ರೂ "ಉಘೇ ಮಾದಪ್ಪ" ಅಂತ ಕೂಗ್ತಾ ನಡೀತಾರೆ. ಈ ಹಬ್ಬಕ್ಕೆ ಎತ್ತು ಬೇಡ, ಕಣ ಬೇಡ. ಆದ್ರೆ ಒಂದು ಬೇಕು, ಇಳಿದ ಹೊಳೆ.

ಸಂಗಮದಿಂದ ಕೆಳಗೆ ಮೇಕೆದಾಟು. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆ ಒಂದೇ ನೆಗೆತಕ್ಕೆ ದಾಟಿದ ಜಾಗ ಅಂತ ಕಥೆ. ಅಲ್ಲಿ ಅಣೆಕಟ್ಟು ಕಟ್ಟಬೇಕು ಅಂತ ಎಷ್ಟೋ ವರ್ಷದಿಂದ ಮಾತು ನಡೀತಿದೆ. 67 ಟಿಎಂಸಿ ನೀರು, ಬೆಂಗಳೂರಿಗೆ ಕುಡಿಯೋಕೆ, 400 ಮೆಗಾವಾಟ್ ಕರೆಂಟು. 2022ರ ಜನವರಿಯಲ್ಲಿ ಅದೇ ಸಂಗಮದಿಂದ ಅಣೆಕಟ್ಟು ಬೇಕು ಅಂತ ಪಾದಯಾತ್ರೆಯೂ ಹೊರಟಿತ್ತು. ಕಟ್ಟಿದ್ರೆ ಸಂಗಮ ನೀರೊಳಗೆ ಹೋಗುತ್ತೆ, ಜೊತೆಗೆ ಸಾವಿರಾರು ಹೆಕ್ಟೇರ್ ಕಾಡು. ಬೆಂಗಳೂರಿಗೆ ನೀರು ಬೇಡ ಅಂತ ನಾನು ಹೇಳಲ್ಲ, ಅಲ್ಲಿ ಬಾಡಿಗೆ ಮನೇಲಿ ಟ್ಯಾಂಕರ್‌ಗೆ ಕಾದವನು ನಾನೂ. ಆದ್ರೆ ಮುಳುಗಡೆ ಲೆಕ್ಕ ಬರೆಯೋವಾಗ ಕಾಡು, ಊರು, ದೇವಸ್ಥಾನ ಅಂತ ಕಾಲಂ ಇರುತ್ತೆ. ವರ್ಷಕ್ಕೊಮ್ಮೆ ಜನ ಹೊಳೆ ದಾಟೋ ದಾರಿಗೆ ಯಾವ ಕಾಲಂ? ಆ ದಾರಿಯಲ್ಲಿ ನಡೆದವರು ಹೋಗಿ ಹೇಳಿದ್ರೆ ಮಾತ್ರ ಅದು ಕಾಗದದ ಮೇಲೆ ಬರುತ್ತೆ.

ಇವತ್ತಿಗೆ ಇಷ್ಟು. ಕೇಳಿದವರಿಗೆ ಒಂದು ಸಣ್ಣ ಕೆಲಸ. ನಿಮ್ಮ ಮನೇಲಿ, ಬೀದಿಯಲ್ಲಿ ಕಣ ಮಾಡಿದವರು ಯಾರಾದ್ರೂ ಇದ್ರೆ, ರಾಶಿ ಅಳೆಯುವಾಗ ಲಾಭ ಆದ ಮೇಲೆ ಬೇರೆ ಯಾವ ಅಂಕಿಯನ್ನ ಬಾಯಲ್ಲಿ ಹೇಳ್ತಿರ್ಲಿಲ್ಲ, ಅದರ ಬದಲು ಏನಂತಿದ್ರು ಅಂತ ಕೇಳಿ. ಫೋನ್ ರೆಕಾರ್ಡರ್ ಆನ್ ಮಾಡಿ ಕೇಳಿ. ಊರು, ತಾಲ್ಲೂಕು ಹೇಳಿ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.